ಹಡಗು ಸಾರ್ ಮತ್ತು ನಿಮ್ಮಪ್ಪನ ಹುಬ್ಬಿನ ಗೀರು

ಸಿಂಚನಾ, ಪ್ರೀತಂ,

ನಿಮ್ಮಪ್ಪನ ಎಡ ಹುಬ್ಬನ್ನು ಎರಡು ತುಂಡು ಮಾಡಿದ ಗೀರೊಂದಿದೆಯಲ್ಲ, ಅದು ಫೌಂಡ್ರಿಯಲ್ಲಿ ಕಿಡಿ ಹಾರಿ ಆದದ್ದು ಅಂತ ನಿಮಗೆ ಹೇಳಿಕೊಂಡು ಬಂದಿದ್ದೇವೆ. ಅದು ಕಿಡಿಯಲ್ಲ. ಕಪ್ಪು ಮರದ ಒಂದು ರೂಲು ದೊಣ್ಣೆಯ ಏಟು. ಹೊಡೆದವರು ಹೋದ ವಾರ ಶಿವಮೊಗ್ಗದ ಗೋಪಾಳದಲ್ಲಿ ತೀರಿಕೊಂಡರು. ನಾನು ಮಣ್ಣಿಗೆ ಹೋಗಿ ಬಂದೆ. ಬಂದು ತಲೆಗೆ ನೀರು ಹಾಕಿಕೊಂಡು ಹೊರಬಂದಾಗ ಪ್ರೀತಂ ಬಚ್ಚಲ ಬಾಗಿಲಲ್ಲೇ ಅಡ್ಡ ನಿಂತಿದ್ದ. "ಅಜ್ಜಿ, ಅವರು ಅಪ್ಪನ್ನ ಜೈಲಿಗೆ ಹಾಕ್ಸಿದೋರಂತೆ, ಎದುರು ಮನೆಯೋರು ಹೇಳಿದ್ರು. ಅವರ ಮನೆಗೆ ನೀನ್ಯಾಕೆ ಹೋದೆ?"

ಬಾಯಿ ಬಿಟ್ಟು ಹೇಳುವುದು ನನಗೆ ಮೊದಲಿಂದಲೂ ಬರದ ಕೆಲಸ. ಬರೆದರೆ ಯಾರೂ ನನ್ನ ಮುಖ ನೋಡುತ್ತಾ ಕೂರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮಜ್ಜ ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದರು. ಕಾಮಾಲೆಯಾಗಿ ಅವರು ಹೋದ ಮೇಲೆ ಕಸ ಗುಡಿಸುವ, ಫೈಲು ಎತ್ತಿಡುವ ಕೆಲಸವನ್ನು ನನಗೆ ಕೊಟ್ಟರು. ಆಯನೂರಿನ ಆಚೆಯ ಹಳ್ಳಿಯಲ್ಲಿ ಏಳನೇ ತರಗತಿ ಓದಿದವಳು ನಾನು. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬ್ಯಾಂಕಿನ ಮಹಡಿಯ ಮೇಲೆ ಒಂದು ಕೋಣೆಯಿತ್ತು. ಪರದೇಶಕ್ಕೆ ಸರಕು ಕಳಿಸುವವರ ಕಾಗದಗಳನ್ನು ನೋಡುವ ಕೋಣೆ. ಅಲ್ಲಿ ಕೂರುತ್ತಿದ್ದವರೇ ಇವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಹಡಗು ಸಾರ್ ಅನ್ನುತ್ತಿದ್ದರು. ಅವರು ಹಡಗನ್ನು ಕಣ್ಣಲ್ಲಿ ಕಂಡವರಲ್ಲ. ಕಂಡ ನೀರೆಂದರೆ ತುಂಗೆ, ಇಲ್ಲವೇ ಭದ್ರೆ.

"ನೋಡಿ ಏನಾಗ್ಬೇಕು? ನಾನು ನೋಡೋದು ಹಡಗಿನೋನು ಬರೆದದ್ದನ್ನ," ಅನ್ನುತ್ತಿದ್ದರು.

ಆ ಕೆಲಸ ಏನೆಂದು ನಿಮಗೆ ತಿಳಿಯಬೇಕು, ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ. ಭದ್ರಾವತಿಯವನೊಬ್ಬ ಪರದೇಶದವನಿಗೆ ಕಬ್ಬಿಣ ಮಾರುತ್ತಾನೆ ಅಂದುಕೊಳ್ಳಿ. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ. ಆಗ ಕೊಳ್ಳುವವನ ಬ್ಯಾಂಕು ಒಂದು ಮಾತು ಬರೆದುಕೊಡುತ್ತದೆ: ಸರಕು ಇಂಥ ದಿನದೊಳಗೆ ಹಡಗು ಹತ್ತಿದೆ ಅನ್ನುವ ಕಾಗದ ತೋರಿಸಿದರೆ ಹಣ ನಾವು ಕೊಡುತ್ತೇವೆ. ಆ ಮಾತಿಗೆ ಎಲ್.ಸಿ. ಅನ್ನುತ್ತಾರೆ. ಹಡಗಿನವರು ಸರಕು ಹತ್ತಿಸಿಕೊಂಡು ಬರೆದುಕೊಡುವ ಕಾಗದ ಬಿಲ್ ಆಫ್ ಲೇಡಿಂಗ್. ಆ ಬಿಲ್ಲು ಎಲ್.ಸಿ.ಯ ಜೊತೆ, ಉಳಿದ ಕಾಗದಗಳ ಜೊತೆ ಎಲ್ಲಾದರೂ ತಪ್ಪುತ್ತದೆಯೇ ಅಂತ ನೋಡುವುದು ಸಾರ್ ಕೆಲಸ. ತಪ್ಪಿದರೆ ಪಾಸ್ ಇಲ್ಲ. ಸರಕು ಬಂಗಾರವಾಗಿದ್ದರೂ ಇಲ್ಲ.

ಗಿಡ್ಡ ಆಸಾಮಿ, ಹಣೆಗೆ ಮೂರು ಗೆರೆ ವಿಭೂತಿ, ಕುತ್ತಿಗೆಯ ನರ ಯಾವಾಗಲೂ ಉಬ್ಬಿರುತ್ತಿತ್ತು. ಆ ರೂಲು ದೊಣ್ಣೆಯನ್ನು ಸಾಲಿನ ಕೆಳಗಿಟ್ಟು ಒಂದೊಂದೇ ಸಾಲು ಇಳಿಸುತ್ತಾ ಓದುತ್ತಿದ್ದರು. ತಪ್ಪು ಸಿಕ್ಕಿದ ಕೂಡಲೇ ಅದೇ ದೊಣ್ಣೆಯಿಂದ ಮೇಜಿನ ಮೇಲೆ ಹೊಡೆಯುತ್ತಿದ್ದರು. ಕೆಳಗೆ ಕ್ಯಾಷ್ ಕೌಂಟರಿನಲ್ಲಿ ಸಾಲಾಗಿ ನಿಂತವರು ತಲೆಯೆತ್ತಿ ಸೂರು ನೋಡಬೇಕು, ಹಾಗೆ. ಒಬ್ಬ ಗುಮಾಸ್ತ ಮೂಲ ಬಿಲ್ಲಿಗೆ ಸ್ಟೇಪ್ಲರ್ ಪಿನ್ನು ಹೊಡೆದ ಅಂತ ಅವನ ಮೇಲೆ ಪಂಚಿಂಗ್ ಮೆಷಿನ್ ಬೀಸಿ ಎಸೆದರು. ಅದು ಅವನ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಯ ಗಾರೆ ಕಿತ್ತಿತು. ಗುಮಾಸ್ತನೇ, "ನಿಮ್ಮ ಕೈ ಜಾರಿತು ಅಂತ ಹೇಳ್ತೀನಿ ಬಿಡಿ ಸಾರ್," ಅಂದ. ಮ್ಯಾನೇಜರ್ ಮೇಲೆ ಬಂದು ಕೇಳಿದಾಗ ಸಾರ್ ತಾವೇ ಹೇಳಿದರು: "ಜಾರಲಿಲ್ಲ. ಎಸೆದೆ. ಗುರಿ ತಪ್ಪಿತು."

ನಾನು ಆ ಕೋಣೆ ಗುಡಿಸಲು ಹೋಗುವಾಗ ಉಸಿರು ಕೂಡ ಸಣ್ಣಗೆ ಬಿಡುತ್ತಿದ್ದೆ. ಒಂದು ದಿನ ಕರೆದರು.

"ಏನಮ್ಮಾ, ಎಬಿಸಿಡಿ ಬರುತ್ತಾ?"

"ಅಕ್ಷರ ಬರುತ್ತೆ ಸಾರ್. ಅರ್ಥ ಬರಲ್ಲ."

"ಅದೇ ಬೇಕು ನನಗೆ. ಕೂತ್ಕೋ."

ಅವರ ಲೆಕ್ಕ ಹೀಗೆ. ಇಂಗ್ಲಿಷ್ ಬಲ್ಲವನು ಓದುವಾಗ ಇರಬೇಕಾದ್ದನ್ನು ಓದುತ್ತಾನೆ, ಇರುವುದನ್ನಲ್ಲ. ಅರ್ಥ ತಿಳಿಯದವಳಾದರೆ ಇದ್ದದ್ದಷ್ಟೇ ಬಾಯಿಗೆ ಬರುತ್ತದೆ. ನಾನು ಬಿಲ್ಲನ್ನು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದಬೇಕು, ಅವರು ಎಲ್.ಸಿ. ಮೇಲೆ ದೊಣ್ಣೆ ಇಳಿಸುತ್ತಾ ಬರುತ್ತಾರೆ. ನನ್ನ ದನಿ ಮೇಜು ದಾಟುತ್ತಿರಲಿಲ್ಲ. "ಗಂಟಲಲ್ಲಿ ಗೋಟಡಿಕೆ ಸಿಕ್ಕಿದೆಯೇನಮ್ಮಾ? ಜೋರಾಗಿ!" ಅಂತ ಗದರುತ್ತಿದ್ದರು. ಆದರೆ ನನ್ನ ಮೇಲೆ ಒಮ್ಮೆಯೂ ಏನನ್ನೂ ಎಸೆಯಲಿಲ್ಲ. ನನಗೆ ಅವರನ್ನು ಕಂಡರೆ ಹೆದರಿಕೆ ಹೋಗಲಿಲ್ಲ, ಅದನ್ನೂ ಹೇಳಬೇಕು.

ಒಮ್ಮೆ ಬಿಲ್ಲೊಂದರ ಅಂಚಿನಲ್ಲಿ ಕೈಬರಹದ ಒಂದು ಸಾಲಿತ್ತು. ಓದಿದೆ. ಸಾರ್ ದೊಣ್ಣೆ ಕೆಳಗಿಟ್ಟು ಮೊದಲ ಸಲ ನಕ್ಕರು. ಹಡಗಿನ ಕ್ಯಾಪ್ಟನ್ ಬರೆದದ್ದಂತೆ: ಡ್ರಮ್ಮುಗಳು ಜಜ್ಜಿಹೋಗಿವೆ, ಅಂತ. ಹಾಗೆ ಬರೆದ ಬಿಲ್ಲನ್ನು ಯಾವ ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ, ಬಿಲ್ಲು ಕ್ಲೀನ್ ಇರಬೇಕು. ಕಳಿಸುವವರು ಆ ಸಾಲು ಬರೆಯಬೇಡಿ ಅಂತ ಕಾಲು ಹಿಡಿಯುತ್ತಾರಂತೆ.

"ಬರೆದನಲ್ಲ ನೋಡು! ಆ ಕ್ಯಾಪ್ಟನ್ ಕೈಗೆ ಮುತ್ತು ಕೊಡಬೇಕು," ಅಂದರು. ಅಂದು, ಆ ಬಿಲ್ಲನ್ನು ತೆಗೆದು ಪಕ್ಕಕ್ಕೆ ಎಸೆದರು. "ಪಾಸ್ ಇಲ್ಲ."

ನಿಮ್ಮಪ್ಪ ಆಗ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿದ್ದ. ಪರದೇಶದ ರಸ್ತೆಗಳಲ್ಲಿ ಚರಂಡಿ ಗುಂಡಿಗೆ ಹಾಕುವ ಕಬ್ಬಿಣದ ಮುಚ್ಚಳಗಳನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಈಗ ಆಟೋ ಸ್ಟ್ಯಾಂಡಿನಲ್ಲಿ ಯಾರು ಬೈದರೂ ತಲೆ ತಗ್ಗಿಸಿ ಬರುವ ನಿಮ್ಮಪ್ಪನನ್ನು ನೀವು ನೋಡಿದ್ದೀರಿ. ಆಗಿನ ಮಂಜನನ್ನು ನೋಡಿಲ್ಲ. ಮಾತಿಗೆ ಮುಂಚೆ ಕೈ ಎತ್ತುವವನು. ಸಿಂಚನಾ, ನೀನಾಗ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದೆ.

ಆ ಫೌಂಡ್ರಿಯ ಒಂದು ಬಿಲ್ಲು ಸಾರ್ ಮೇಜಿಗೆ ಬಂತು. ನಾನೇ ಓದಿದೆ. ಸರಕು ಮಂಗಳೂರಿನಲ್ಲಿ ಹಡಗು ಹತ್ತಿದ ತಾರೀಕು ಎಲ್.ಸಿ. ಕೊಟ್ಟ ಗಡುವಿನೊಳಗೇ ಇತ್ತು. ಆಮೇಲೆ, ಕೊಳ್ಳುವವನ ಕಡೆಯ ಪರೀಕ್ಷಕ ಕೊಟ್ಟ ಸರ್ಟಿಫಿಕೇಟು ಓದಿದೆ. ಅವನು ಭದ್ರಾವತಿಗೆ ಬಂದು ಫೌಂಡ್ರಿಯ ಅಂಗಳದಲ್ಲಿ ಮುಚ್ಚಳಗಳನ್ನು ನೋಡಿದ ತಾರೀಕು ಅದಕ್ಕಿಂತ ನಾಲ್ಕು ದಿನ ಆಮೇಲಿನದು. ಸಾರ್ ದೊಣ್ಣೆ ಮೇಜಿನ ಮೇಲೆ ಬಿತ್ತು. ನಾನು ಕುರ್ಚಿಯಿಂದ ಎದ್ದೇ ನಿಂತೆ.

ಸರಕು ಹೊರಡುವುದು ತಡವಾಗಿತ್ತು. ಯಜಮಾನ ಹಡಗಿನ ಏಜೆಂಟನನ್ನು ಹಿಡಿದು ಬಿಲ್ಲಿಗೆ ಹಿಂದಿನ ತಾರೀಕು ಹಾಕಿಸಿದ್ದ. ಪರೀಕ್ಷಕನ ಕಾಗದವನ್ನು ಮರೆತಿದ್ದ.

ಯಜಮಾನ ಬಂದ. ಮೊದಲು ನಗುತ್ತಲೇ ಮಾತಾಡಿದ.

"ಏನ್ ಮಾರಾಯ್ರೇ, ಎಲ್ಲರೂ ಮಾಡೋದೇ ಇದು. ಕಣ್ಣು ಮುಚ್ಚಿ ಒಂದು ಸೀಲು ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಿಮ್ಮ ಅಂಗಳದಲ್ಲಿ ಕೂತಿದ್ದ ಸರಕು ನಾಲ್ಕು ದಿನ ಮುಂಚೆನೇ ಮಂಗಳೂರಲ್ಲಿ ಹಡಗು ಹತ್ತಿದ್ದು ಹೇಗ್ರೀ? ರೆಕ್ಕೆ ಇತ್ತಾ?"

"ಸರಕು ಚೆನ್ನಾಗಿದೆ ಸಾರ್. ನೋಡಿ!" ಅಂತ ಯಜಮಾನ ಚೀಲದಿಂದ ಮಾದರಿಯ ಒಂದು ಸಣ್ಣ ಮುಚ್ಚಳ ತೆಗೆದು ಮೇಜಿನ ಮೇಲೆ ಕುಕ್ಕಿದ. ಮೇಜಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತು.

"ಕಬ್ಬಿಣ ನೋಡೋದು ನನ್ನ ಕೆಲಸ ಅಲ್ಲ. ತಗೊಂಡು ಇಳಿ ಕೆಳಗೆ," ಅಂದರು ಸಾರ್. ಯಜಮಾನ ಮುಚ್ಚಳ ಬಿಟ್ಟೇ ಹೋದ.

ಮಾರನೇ ವಾರ ಗೋಪಾಳದಲ್ಲಿ ಅವರ ಮನೆಯ ಮುಂದೆ ನಿಲ್ಲಿಸಿದ್ದ ಸ್ಕೂಟರ್ ಸುಟ್ಟು ಕರಕಲಾಗಿತ್ತು. ಸಾರ್ ಸಿಟಿ ಬಸ್ಸಿನಲ್ಲಿ ಬಂದು, ಸ್ಕೂಟರಿನ ಕೀಯನ್ನು ಒಡೆದ ಗಾಜಿನ ಮೇಲಿಟ್ಟು, "ಇವತ್ತು ಯಾವ ಬಿಲ್ಲು?" ಅಂದರು.

ಅತ್ತ ಭದ್ರಾವತಿಯಲ್ಲಿ ಯಜಮಾನ ಕೆಲಸದವರನ್ನು ಕೂಡಿಸಿ ಹೇಳಿದನಂತೆ: ಬ್ಯಾಂಕಿನಲ್ಲಿ ಒಬ್ಬ ಸಾರ್ ಸೀಲು ಹಾಕುತ್ತಿಲ್ಲ, ನಾಳೆಯಿಂದ ಕುಲುಮೆ ಆರಿಸುತ್ತೇನೆ, ಕೇಳುವುದಿದ್ದರೆ ಹೋಗಿ ಅವನನ್ನೇ ಕೇಳಿ. ನಿಮ್ಮಪ್ಪ ಊಟದ ತಟ್ಟೆ ದೂಡಿ ನನ್ನನ್ನು ಕೇಳಿದ, "ಅಮ್ಮ, ನಿಮ್ಮ ಹಡಗು ಸಾರ್‌ಗೆ ಒಂದು ಮಾತು ಹೇಳಕ್ಕಾಗಲ್ವಾ ನಿಂಗೆ?" ಅವರ ಮುಂದೆ ಅಕ್ಷರ ಓದಲೇ ನನಗೆ ದನಿ ಏಳುವುದಿಲ್ಲ, ಮಾತು ಎಲ್ಲಿಂದ ಬರಬೇಕು?

ಮರುದಿನ ಮಧ್ಯಾಹ್ನ ಒಂದು ಟೆಂಪೋ ಬಂದು ಬ್ಯಾಂಕಿನ ಮುಂದೆ ನಿಂತಿತು. ನಾನು ಕಪಾಟಿನ ಹತ್ತಿರ ಫೈಲು ಜೋಡಿಸುತ್ತಿದ್ದೆ. ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಮೊದಲು ಒಳಗೆ ಬಂದವನು ನಿಮ್ಮಪ್ಪ.

"ಅಮ್ಮ, ನೀನು ಕೆಳಗೆ ಹೋಗು."

ನಾನು ಹೋಗಲಿಲ್ಲ. ಧೈರ್ಯದಿಂದಲ್ಲ, ಹೆದರಿ ಕಪಾಟಿಗೆ ಅಂಟಿ ನಿಂತೆ ಅನ್ನುವುದೇ ನಿಜ.

"ಸೀಲು ಹಾಕಿ ಸಾರ್," ಅಂದ ನಿಮ್ಮಪ್ಪ. ಮೇಜಿನ ಮೇಲೆ ಇನ್ನೂ ಇದ್ದ ಫೌಂಡ್ರಿಯ ಬಿಲ್ಲಿನ ಮೇಲೆ ಕೈಯೂರಿದ. ಕೈಯ ಮಸಿ ಕಾಗದಕ್ಕೆ ಮೆತ್ತಿತು.

"ಕೈ ತೆಗಿ."

"ಸೀಲು ಹಾಕಿ, ತೆಗೀತೀನಿ."

"ಮೂಲ ಬಿಲ್ಲು ಕಣೋ ಅದು. ಕೈ ತೆಗಿ!"

ನಿಮ್ಮಪ್ಪ ಕೈ ತೆಗೆಯಲಿಲ್ಲ. ಬೆರಳು ಮಡಿಸಿ ಕಾಗದವನ್ನು ಮುದುರತೊಡಗಿದ. ಸಾರ್ ಎದ್ದು ನಿಂತದ್ದು ನಾನು ನೋಡಲಿಲ್ಲ, ದೊಣ್ಣೆ ಮೇಲೆ ಹೋದದ್ದು ನೋಡಿದೆ. ಅದು ನೇರ ನಿಮ್ಮಪ್ಪನ ಹುಬ್ಬಿನ ಮೇಲೆ ಬಿತ್ತು. ಚರ್ಮ ಬಿಟ್ಟುಕೊಂಡು ಬಿಲ್ಲಿನ ಮೇಲೆ ರಕ್ತ ಸುರಿಯಿತು.

ಆಮೇಲೆ ಎಲ್ಲರೂ ಮೇಲೆ ಬಿದ್ದರು. ಯಾರೋ ತಮಿಳಿನಲ್ಲಿ "ವಿಡಾದೇ ಡಾ, ವಿಡಾದೇ!" ಅಂತ ಕೂಗುತ್ತಿದ್ದ, ಬಿಡಬೇಡ ಅಂತ. ಸಾರ್ ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಅವರ ಬಲಗೈ ಮೇಲೆ ಇಬ್ಬರು ಬೂಟುಗಾಲಲ್ಲಿ ನಿಂತರು. ಬೆರಳು ಮುರಿದ ಸದ್ದು ಒಣ ಕಡ್ಡಿ ಮುರಿದ ಹಾಗೆ ಕೇಳಿತು. ಒಬ್ಬ ಆ ಕಬ್ಬಿಣದ ಮುಚ್ಚಳ ಎತ್ತಿ ಪಕ್ಕೆಗೆ ಹಾಕಿದ. ಅಷ್ಟಾದರೂ ಸಾರ್ ಸುಮ್ಮನೆ ಬಿದ್ದಿರಲಿಲ್ಲ, ಸಿಕ್ಕವರ ಕಾಲನ್ನು ಕಚ್ಚುತ್ತಿದ್ದರು. ನಿಮ್ಮಪ್ಪ ಅವರ ಎಡಗೈಯಿಂದ ರೂಲು ದೊಣ್ಣೆ ಕಿತ್ತುಕೊಂಡ. ಮುಖದ ತುಂಬ ರಕ್ತ, ಅವನಿಗೆ ಎದುರಿಗಿದ್ದದ್ದು ಕಾಣುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ದೊಣ್ಣೆಯ ತುದಿಯಿಂದ ತಿವಿದ. ಅದು ಸಾರ್ ಅವರ ಬಲಗಣ್ಣಿಗೆ ಹೋಯಿತು.

ಆಗ ಯಾರೋ ಕಿರುಚಿದರು. ಕೆಳಗಿನ ಗಾರ್ಡು ಓಡಿಬಂದದ್ದು ಆ ಕಿರುಚು ಕೇಳಿಯೇ. ನಾನೇ ಕಿರುಚಿದ್ದು ಅಂತ ನನಗೆ ಆಮೇಲೆ ಹೇಳಿದರು.

ಪೊಲೀಸರು ನಿಮ್ಮಪ್ಪನ ಮೇಲೆ ಕೊಲೆ ಯತ್ನದ ಕೇಸು ಹಾಕಿದರು. ಹತ್ತು ವರ್ಷ, ಅದಕ್ಕಿಂತ ಹೆಚ್ಚೂ ಆಗಬಹುದು ಅಂದರು ವಕೀಲರು. ಮೊದಲು ಹೊಡೆದದ್ದು ಸಾರ್ ಅಂತ ರುಜುವಾದರೆ ಕೇಸು ಸಣ್ಣದಾಗುತ್ತದೆ, ಆದರೆ ಮಹಡಿಯ ಮೇಲೆ ಕ್ಯಾಮೆರಾ ಇರಲಿಲ್ಲ. ನೋಡಿದವಳು ನಾನು. "ನೀವು ತಾಯಿ. ನಿಮ್ಮ ಮಾತು ಯಾರು ನಂಬ್ತಾರೆ?" ಅಂದರು. ಮ್ಯಾನೇಜರ್ ಕೂಡ ನನ್ನನ್ನು ಕರೆದು ಮೆತ್ತಗೆ, "ನೀವು ಆಗ ಟೀ ತರೋಕೆ ಹೋಗಿದ್ರಿ. ಅಷ್ಟೇ ಅಮ್ಮಾ. ತಿಳೀತಲ್ಲ?" ಅಂದರು. ನಿಮ್ಮಮ್ಮ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಟೇಷನ್ನಿನ ಜಗಲಿಯಲ್ಲೇ ಕೂತಿರುತ್ತಿದ್ದಳು, ಸಿಂಚನಾ.

ಸಾರ್‌ಗೆ ಸ್ವಲ್ಪ ಜೀವ ಬಂದ ಮೇಲೆ ಆಸ್ಪತ್ರೆಯಿಂದ ನನಗೆ ಕರೆ ಬಂತು. ಹೋದೆ. ಮಂಚದ ಪಕ್ಕ ಬ್ಯಾಂಕಿನ ಮ್ಯಾನೇಜರ್, ಒಬ್ಬ ಎಸ್‌ಐ. ಮೂಲೆಯಲ್ಲಿ ಸಾರ್ ಹೆಂಡತಿ ನಿಂತಿದ್ದರು, ಹಣೆ ಮುಚ್ಚುವ ಹಾಗೆ ಕೂದಲು ಬಾಚಿಕೊಂಡಿದ್ದ ತೆಳ್ಳನೆಯ ಹೆಂಗಸು. ಹೋದದ್ದು ಒಂದೇ ಕಣ್ಣಾದರೂ ಸಾರ್ ಅವರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅವರ ಹೇಳಿಕೆಯನ್ನು ಪೊಲೀಸರು ಬರೆದುಕೊಂಡಿದ್ದರು, ಸಹಿ ಬಾಕಿಯಿತ್ತು.

"ಓದದೆ ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ. ಓದಮ್ಮಾ," ಅಂದರು ಸಾರ್.

"ಸಾರ್, ಇವರು ಆರೋಪಿ ತಾಯಿ," ಅಂದರು ಮ್ಯಾನೇಜರ್.

"ಇರೋ ಅಕ್ಷರ ಓದೋಕೆ ಯಾರ ತಾಯಿ ಆದ್ರೇನ್ರೀ?"

ಕಾಗದ ಕನ್ನಡದಲ್ಲಿತ್ತು. ಈ ಸಲ ಅರ್ಥವೂ ಬರುತ್ತಿತ್ತು. ಟೆಂಪೋ ಬಂದದ್ದು, ಮೆಟ್ಟಿಲು ಹತ್ತಿದ್ದು. ನಿಮ್ಮಪ್ಪನ ಹೆಸರು ಬಂದಾಗ ಪಿಸುಗುಟ್ಟಿದೆ.

"ಜೋರಾಗಿ!"

ಓದಿದೆ. ಕಣ್ಣಿಗೆ ತಿವಿದವನ ಹೆಸರು, ಅವನ ಅಪ್ಪನ ಹೆಸರು, ಊರು ಭದ್ರಾವತಿ. ನನ್ನ ಮಗನ ಹೆಸರನ್ನು, ಅವನಿಂದಲೇ ಕಣ್ಣು ಕಳೆದುಕೊಂಡವರ ಮುಂದೆ ನಿಂತು ಓದಿದೆ. ಒಂದಕ್ಷರ ನುಂಗಲಿಲ್ಲ. ಓದಿ ಮುಗಿಸಿದ ಮೇಲೆ ಸಾರ್ ನನ್ನ ದನಿಯ ಕಡೆ ಮುಖ ತಿರುಗಿಸಿದರು.

"ಇಷ್ಟೇನಾ?"

"ಇಷ್ಟೇ ಸಾರ್."

"ಒಂದು ಸಾಲು ಬಿಟ್ಟೆ ನೀನು."

"ಇಲ್ಲ ಸಾರ್. ಇದ್ದದ್ದೆಲ್ಲ ಓದಿದೀನಿ."

"ಹಾಗಾದ್ರೆ ಇವರು ಬಿಟ್ಟಿದ್ದಾರೆ. ಬರ್ಕೊಳ್ರಿ ಎಸ್‌ಐ ಸಾಹೇಬ್ರೇ. ಮೊದಲು ಹೊಡೆದದ್ದು ನಾನು. ಅವನು ಬಿಲ್ಲಿನ ಮೇಲೆ ಕೈ ಇಟ್ಟಿದ್ದ, ನನ್ನ ಮೈ ಮುಟ್ಟಿರಲಿಲ್ಲ. ನಾನು ಹುಬ್ಬಿನ ಮೇಲೆ ಹೊಡೆದೆ."

ಮ್ಯಾನೇಜರ್ ಮಂಚದ ಸರಳು ಹಿಡಿದು ಬಗ್ಗಿದರು. "ಸಾರ್, ಇದೊಂದು ಸಾಲು ಹೋದ್ರೆ ನಿಮ್ಮ ಸರ್ವೀಸು ಹೋಗುತ್ತೆ. ಬ್ಯಾಂಕು ಸುಮ್ಮನಿರಲ್ಲ. ಯಾರೂ ಕೇಳ್ತಿಲ್ವಲ್ಲ, ಬಿಟ್ಬಿಡಿ."

"ಡ್ರಮ್ಮು ಜಜ್ಜಿದ್ರೆ ಜಜ್ಜಿದೆ ಅಂತಲೇ ಬರೀಬೇಕು ಕಣ್ರೀ."

ಎಸ್‌ಐ ಬರೆದರು. ನಾನು ಅದನ್ನೂ ಓದಿದೆ. ಬಲಗೈ ಬೆರಳುಗಳಿಗೆಲ್ಲ ಪಟ್ಟಿ ಹಾಕಿದ್ದರಿಂದ, ವರ್ಷಗಟ್ಟಲೆ ಊರವರ ಸಹಿ ಸರಿಯಿದೆಯೇ ಅಂತ ನೋಡಿದ ಮನುಷ್ಯ ಎಡಗೈ ಹೆಬ್ಬೆಟ್ಟು ಒತ್ತಿದರು.

ನಾನು ಅವರ ಕಾಲ ಬಳಿ ಕೈ ಚಾಚಿದೆ. ಮಂಚ ಅಲುಗಿದ್ದು ಗೊತ್ತಾಯಿತೇನೋ.

"ಮುಟ್ಟಬೇಡ. ನಿನ್ನ ಮಗನಿಗೋಸ್ಕರ ಹೇಳಿದ್ದಲ್ಲ. ನನ್ನ ಕಣ್ಣು ತೆಗೆದಿದ್ದಾನೆ, ಹೋಗ್ಲಿ ಜೈಲಿಗೆ ಸೂಳೇಮಗ," ಅಂದರು. ಬೈದದ್ದು ನನಗೂ ತಾಗಿತು. ಆದರೂ ಆ ಹೊತ್ತಿನಲ್ಲಿ ನನಗೆ ಉಸಿರು ಬಂತು.

ಕೊಲೆ ಯತ್ನ ಹೋಗಿ ಸಣ್ಣ ಕಲಮು ಉಳಿಯಿತು. ನಿಮ್ಮಪ್ಪ ಜೈಲಿಗೆ ಹೋದ, ಆದರೆ ಪ್ರೀತಂ ಹುಟ್ಟುವ ಮೊದಲೇ ಮನೆಗೆ ಬಂದ. ಯಜಮಾನನಿಗೆ ಏನೂ ಆಗಲಿಲ್ಲ, ಅವನು ಟೆಂಪೋದಲ್ಲಿ ಇರಲಿಲ್ಲವಲ್ಲ. ಕುಲುಮೆ ಹೇಗೂ ಆರಿತು. ಸಾರ್ ಹೇಳಿಕೆಯನ್ನು ಬ್ಯಾಂಕು ಪಾಸ್ ಮಾಡಲಿಲ್ಲ. ಗಿರಾಕಿಯ ಕಡೆಯವನ ಮೇಲೆ ಕೈ ಮಾಡಿದ್ದಕ್ಕೆ ಸಸ್ಪೆಂಡ್ ಮಾಡಿ, ಆಮೇಲೆ ಭದ್ರಾವತಿಯ ಬ್ರಾಂಚಿಗೆ ಹಾಕಿದರು. ಅಲ್ಲಿ ಹಡಗಿನ ಕಾಗದ ಒಂದೂ ಬರುವುದಿಲ್ಲ. ಚೆಕ್ ಪುಸ್ತಕ ಕೊಡುವ ಮೇಜಿನ ಹಿಂದೆ ಕೂತು ರಿಟೈರ್ ಆದರು.

ಆ ದಿನಗಳಲ್ಲಿ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಬಲಗಣ್ಣು ಹೊಲಿದಿತ್ತು, ಎಡಗಣ್ಣಿಗೆ ಪೊರೆ ಬಂದಿತ್ತು. ಬಂದ ಬಸ್ಸಿನ ಕಡೆ ಮುಖ ಮಾಡಿ ಪಕ್ಕದವರನ್ನು, "ಯಾವುದ್ರೀ ಇದು?" ಅಂತ ಕೇಳುತ್ತಿದ್ದರು. ನಾನು ಹತ್ತಿರ ಹೋಗಿ, "ಶಂಕರಘಟ್ಟ ಸಾರ್," ಅಂದೆ.

ದನಿ ಗುರುತು ಸಿಕ್ಕಿತು. "ಜೋರಾಗಿ," ಅಂದರು. ಅಷ್ಟೇ ಮಾತು.

ಹೋದ ವಾರ ಸುದ್ದಿ ತಂದವನು ನಿಮ್ಮಪ್ಪನೇ. ತಾನೇ ಆಟೋದಲ್ಲಿ ಕರೆದುಕೊಂಡು ಹೋಗಿ ಗೇಟಿನ ಹೊರಗೆ ನಿಂತ. ಸಾರ್ ಅವರನ್ನು ಅವರ ಮನೆತನದ ಪದ್ಧತಿಯಂತೆ ಕುರ್ಚಿಯಲ್ಲಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಬಿಲ್ಲು ಓದಲು ಕೂತ ಹಾಗೇ ಇದ್ದರು. ನಾನು ಹೆಂಗಸರ ಜೊತೆ ಕೂತಿದ್ದೆ. ಒಮ್ಮೆಲೇ ಗಲಾಟೆ ಎದ್ದಿತು. ನಿಮ್ಮಪ್ಪ ಒಳಗೆ ಬಂದಿದ್ದ. ಆ ಪಂಚಿಂಗ್ ಮೆಷಿನ್ನಿನ ಗುಮಾಸ್ತ, ಈಗ ತಲೆ ನರೆತಿದೆ, ನಿಮ್ಮಪ್ಪನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. "ಇವನೇ ಕಣ್ರೋ! ಇಲ್ಲಿಗೂ ಬಂದ!" ಯಾರೋ ಬೆನ್ನಿಗೆ ಗುದ್ದಿದರು. ನಿಮ್ಮಪ್ಪ ಕೈ ಎತ್ತಲಿಲ್ಲ.

ಸಾರ್ ಹೆಂಡತಿ ಎದ್ದು ಬಂದರು. "ಬಿಡ್ರೋ ಅವನ್ನ. ಯಾರಪ್ಪಾ ನೀನು?"

"ನಾನು ಮಂಜ, ಅಮ್ಮಾ. ಸಾರ್ ಕಣ್ಣು ತೆಗೆದೋನು," ಅಂದ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಆ ಬಿಲ್ಲು ಸುಳ್ಳು ಅಂತ ನಂಗೆ ಗೊತ್ತಿತ್ತು. ಅದರಲ್ಲಿ ಬರೆದಿದ್ದ ದಿನ ಆ ಮುಚ್ಚಳಗಳಿಗೆ ನಾನೇ ಕಪ್ಪು ಬಣ್ಣ ಬಳೀತಿದ್ದೆ. ಗೊತ್ತಿದ್ದೇ ಬಂದೆ."

ಇದನ್ನು ಅವನು ನನಗೂ ಹೇಳಿರಲಿಲ್ಲ. ಆ ಹೆಂಗಸು ಅವನ ಹುಬ್ಬನ್ನೇ ನೋಡುತ್ತಿದ್ದರು.

"ಇದು ಅವರ ದೊಣ್ಣೇದಾ?"

"ಹೌದಮ್ಮಾ."

ಅವರು ಹಣೆಯ ಮೇಲಿನ ಕೂದಲನ್ನು ಬೆರಳಿಂದ ಹಿಂದಕ್ಕೆ ಸರಿಸಿದರು. ಅಲ್ಲೂ ಒಂದು ಗೀರಿತ್ತು. ಹಳೆಯದು, ಬೆಳ್ಳಗಾಗಿತ್ತು, ನಿಮ್ಮಪ್ಪನದಕ್ಕಿಂತ ಉದ್ದ.

"ಇದು ನಂದು. ಮಾರನೇ ದಿನ ನಮ್ಮಣ್ಣನ್ನ ಕರೆಸಿ, ನಿಮ್ಮ ತಂಗಿಗೆ ಹೊಡೆದೆ ಅಂತ ತಾವೇ ಹೇಳಿದ್ರು. ಒಂದು ಸುಳ್ಳು ಹೇಳಿದೋರಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಹೇಳಿಬಿಟ್ರೆ ಮಾಯುತ್ತಾ, ಮಾರಾಯ್ತಿ?"

ನನ್ನ ಮಗನನ್ನು ಉಳಿಸಿದ ಮಾತು ಅದೇ ಬಾಯಿಂದ ಬಂದದ್ದು. ಈ ಹೆಂಗಸಿಗೆ ಅದರಿಂದ ಏನೂ ಸಿಗಲಿಲ್ಲ. ಎರಡನ್ನೂ ನಿಮಗೆ ಹೇಳಿದ್ದೇನೆ, ಒಂದನ್ನು ಬಿಟ್ಟು ಇನ್ನೊಂದನ್ನು ಓದಬೇಡಿ.

ಹೊರಗೆ ಹೂವಿನಿಂದ ಕಟ್ಟಿದ, ಅವರಲ್ಲಿ ವಿಮಾನ ಅನ್ನುವ ಚಟ್ಟ ಸಿದ್ಧವಾಗಿತ್ತು, ಸಾರ್ ಅವರನ್ನು ಕೂರಿ‌ಸಿ ಎತ್ತುವ ಹೊತ್ತಾಗಿತ್ತು. ಆ ಹೆಂಗಸು ಕೂದಲನ್ನು ಮತ್ತೆ ಹಣೆಗೆ ಇಳಿಸಲಿಲ್ಲ. ನಿಮ್ಮಪ್ಪನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಮೈ ಗಟ್ಟಿ ಇದೆಯಲ್ಲ. ನಡಿ, ಹೆಗಲು ಕೊಡು," ಅಂದರು.

ಅವನು ಕೊಟ್ಟ. ಬಲಗಡೆಯ ಮುಂದಿನ ಹೆಗಲು. ಪ್ರೀತಂ, ನಾನು ಯಾಕೆ ಹೋದೆ ಅಂತ ಕೇಳಿದೆಯಲ್ಲ, ಹೋದದ್ದು ಹೀಗೆ. ಇನ್ನು ಮೇಲೆ ನಿಮ್ಮಪ್ಪನ ಹುಬ್ಬಿನ ವಿಷಯ ಯಾರಾದರೂ ಕೇಳಿದರೆ, ಕಿಡಿ ಹಾರಿತು ಅನ್ನಬೇಡಿ.